ಹೆಸರು ಬರೆಯಲಾಗದ ದಾನ

ನಮ್ಮವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಯಾರನ್ನೋ ದೂರಿದೆ ಅಂತ ಆಗಬಾರದು. ಮುಂಬಯಿಯಲ್ಲಿ ಕರಾವಳಿಯವರು ಕಟ್ಟಿದ ಯಾವ ಗುಡಿಗೆ ಹೋಗಿ ತಲೆಯೆತ್ತಿದರೂ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಒಬ್ಬರ ಹೆಸರು, ಫ್ಯಾನಿನ ರೆಕ್ಕೆಯ ಮೇಲೆ ಇನ್ನೊಬ್ಬರ ಹೆಸರು. ಫ್ಯಾನ್ ತಿರುಗುವಾಗ ಹೆಸರು ಕಾಣುವುದಿಲ್ಲ, ಕರೆಂಟ್ ಹೋದ ಮೇಲೆ ನಿಧಾನಕ್ಕೆ ಕಾಣಿಸುತ್ತದೆ. "ದಾನಿಯ ಮುಖ ನೋಡಬೇಕಾದರೆ ಸೆಕೆ ತಡೆದುಕೊಳ್ಳಬೇಕು" ಎಂದು ನನ್ನ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಹೇಳುತ್ತಿದ್ದರು. ಬೆಂಚಿಗೆ ಹೆಸರು, ಸ್ಟೀಲ್ ಕಪಾಟಿಗೆ ಹೆಸರು, ಅನ್ನದ ಹಂಡೆಗೆ ಹೆಸರು. ಘಾಟ್ಕೋಪರಿನ ಚಾಳಿನಲ್ಲಿ ಹುಟ್ಟಿ ಕನ್ನಡ ಶಾಲೆಯ ಮುಖ ನೋಡದ ನಾನು ಅಕ್ಷರ ಕಲಿತದ್ದೇ ಆ ಹಂಡೆಗಳ ಮೇಲೆ. ಅಜ್ಜಿ ಬೆರಳಿಟ್ಟು ಓದಿಸುತ್ತಿದ್ದರು, ನಾನು ಊಟಕ್ಕೆ ಕೂತಲ್ಲಿಂದ ಓದುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದವಳು, ಹೆಸರು ಬರೆಯಲು ಜಾಗವೇ ಇಲ್ಲದ ಒಂದು ಕೆಲಸಕ್ಕೆ ಹಣ ಕೇಳಲು ಹೊರಟೆ. ಅದು ಮಗಳಿಗೋಸ್ಕರ.

ಮಗಳಿಗೆ ಏಳನೆಯ ತಿಂಗಳಲ್ಲೇ ಹೆರಿಗೆಯಾಯಿತು. ಡೊಂಬಿವಲಿಯ ಗಂಡನ ಮನೆಯಿಂದ ಭಾಂಡುಪಿನ ನಮ್ಮ ಮನೆಗೆ ಭಾನುವಾರದ ಊಟಕ್ಕೆಂದು ಬಂದವಳು, ಮೀನು ಸಾರಿನ ತಟ್ಟೆ ಹಾಗೇ ಬಿಟ್ಟು ಆಸ್ಪತ್ರೆಗೆ ಹೋದಳು. ಸೀಮಂತಕ್ಕೆಂದು ತಂದಿದ್ದ ಸೀರೆ ಫಾಲ್ ಹಚ್ಚಲು ಕೊಟ್ಟದ್ದು ಇನ್ನೂ ಟೈಲರನ ಹತ್ತಿರವೇ ಇತ್ತು. ಹೆಣ್ಣು ಮಗು. ನನ್ನ ಅಂಗೈ ಮತ್ತು ಮಣಿಕಟ್ಟು ಸೇರಿದರೆ ಎಷ್ಟೋ ಅಷ್ಟು ಉದ್ದ. ಬಿಲ್ಡಿಂಗಿನ ಹಿರಿಯ ಹೆಂಗಸರೆಲ್ಲ ಬಂದು, "ಹೆದರಬೇಡ ಮಾರಾಯ್ತಿ, ಏಳರದ್ದು ಬದುಕ್ತದೆ, ಎಂಟರದ್ದೇ ಕಷ್ಟ" ಅಂದರು. ನಾನೂ ಅದನ್ನೇ ಕೇಳಿ ಬೆಳೆದವಳು, ನಂಬಿದೆ. ಮಗು ಗಾಜಿನ ಪೆಟ್ಟಿಗೆಯೊಳಗೆ ದಿನದಿನಕ್ಕೂ ಚೂರು ಚೂರು ತೂಕ ಹಾಕಿತು. ಮಗಳು ಹಾಲು ಹಿಂಡಿ ಕೊಡುತ್ತಿದ್ದಳು, ಅದು ಸಣ್ಣ ನಳಿಗೆಯಲ್ಲಿ ಮಗುವಿನ ಹೊಟ್ಟೆಗೆ ಇಳಿಯುತ್ತಿತ್ತು. ಇನ್ನೇನು ಮನೆಗೆ ತರುತ್ತೇವೆ ಅನ್ನುವಾಗ ಒಂದು ಬೆಳಿಗ್ಗೆ ಆ ಹೊಟ್ಟೆ ಉಬ್ಬಿ ಬಿಗಿಯಾಯಿತು, ಚರ್ಮ ಹೊಳೆಯತೊಡಗಿತು. ಬಲಿಯದ ಕರುಳಿನ ಗೋಡೆ ಒಳಗೊಳಗೇ ಸಾಯುವ ಕಾಯಿಲೆ ಅಂತೆ. ಆಪರೇಷನ್ ಮಾಡಿದರು. ಮರುದಿನ ಸಂಜೆಗೆ ಎಲ್ಲ ಮುಗಿಯಿತು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಮಗು, ಹೆಸರೇ ಇಟ್ಟಿರಲಿಲ್ಲ. ಆಸ್ಪತ್ರೆಯ ಕಾಗದಗಳಲ್ಲೆಲ್ಲ ಇಂಥವಳ ಮಗು ಎಂದಷ್ಟೇ ಇದೆ.

ಮಗುವಿಲ್ಲದ ಬಾಣಂತಿಯನ್ನು ನೋಡಿಕೊಳ್ಳುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಲು ಮಾತ್ರ ಬರುತ್ತಲೇ ಇತ್ತು. ಎದೆ ಕಲ್ಲಾಗಿ ಜ್ವರ ಬಂತು. ಅಜ್ಜಿ ಹೇಳುತ್ತಿದ್ದದ್ದು ನೆನಪಾಗಿ, ಹಾಲು ಇಂಗಲೆಂದು ಮಾರ್ಕೆಟಿನಿಂದ ಮಲ್ಲಿಗೆ ತಂದು ಎದೆಗೆ ಕಟ್ಟಿದೆ. ಹೂ ಮಾರುವವಳು, "ಮನೇಲಿ ಏನಾದ್ರೂ ಕಾರ್ಯಕ್ರಮವಾ ತಾಯಿ?" ಎಂದು ಕೇಳಿದಳು. "ಹೌದು" ಅಂದೆ. ಇನ್ನೇನು ಹೇಳಲಿ?

ಆಮೇಲೆ ಮಗಳು ಗೋಡೆಯ ಕಡೆ ಮುಖಮಾಡಿ ಮಲಗಿದವಳು ಏಳಲಿಲ್ಲ. ಆಫೀಸಿನ ರಜೆ ಮುಗಿಯಿತು, ಇನ್ನಷ್ಟು ರಜೆ ಬರೆದು ಹಾಕಿದಳು. ಅಳಿಯ ಪ್ರತಿ ಭಾನುವಾರ ಬಂದು ಹಾಸಿಗೆಯ ತುದಿಯಲ್ಲಿ ಕೂತು ಚಹಾ ಆರುವವರೆಗೆ ಲೋಟ ಹಿಡಿದುಕೊಂಡಿದ್ದು ಹೋಗುತ್ತಿದ್ದ. ನನ್ನ ಗಂಡ ಟಿವಿಯ ಸದ್ದು ಕಡಿಮೆ ಮಾಡಿ, ಕೊನೆಗೆ ಟಿವಿ ಹಾಕುವುದನ್ನೇ ಬಿಟ್ಟರು. ನಾನು ಟೆಲಿಫೋನ್ ಆಫೀಸಿನಲ್ಲಿ ಜೀವಮಾನವಿಡೀ ಮಾತಾಡಿ ನಿವೃತ್ತಳಾದವಳು, ಎಂಥ ಮನೆಯಲ್ಲೂ ನಾಲ್ಕು ಜನರನ್ನು ನಗಿಸಿ ಬರುವವಳು. ನನ್ನ ಮನೆಯೊಳಗೆ ಮಾತು ಸತ್ತುಹೋಯಿತು.

ಮಗುವನ್ನು ನೋಡಿಕೊಂಡಿದ್ದ ಡಾಕ್ಟರಮ್ಮ, ಮರಾಠಿಯವರು, ಮಗಳನ್ನು ಒಮ್ಮೆ ಕರೆಸಿದರು. ತಪಾಸಣೆ ಮುಗಿದ ಮೇಲೆ ಮಗಳು ಒಂದೇ ಪ್ರಶ್ನೆ ಕೇಳಿದಳು, ಯಾಕೆ ಅಂತ. ಆ ಹೆಂಗಸು ಸುತ್ತಿ ಬಳಸಿ ಮಾತಾಡಲಿಲ್ಲ. "ಗೊತ್ತಿಲ್ಲ" ಅಂದರು. ಇಂಥ ಮಕ್ಕಳಲ್ಲಿ ಯಾರಿಗೆ ಇದು ಬರುತ್ತದೆ ಎಂದು ಒಂದು ದಿನ ಮುಂಚೆ ಕೂಡ ಹೇಳಲಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ತಾನೊಂದು ಸಂಶೋಧನೆ ಶುರುಮಾಡಬೇಕೆಂದಿದ್ದೇನೆ ಅಂದರು. ತಿಂಗಳು ತುಂಬದೆ ಹುಟ್ಟಿದ ಪ್ರತಿ ಮಗುವಿನ ಡೈಪರಿನಿಂದ ಮೊದಲ ದಿನದಿಂದಲೇ ಚೂರು ಮಲ ತೆಗೆದು, ಅತಿ ತಣ್ಣನೆಯ ಫ್ರೀಜರಿನಲ್ಲಿ ಇಟ್ಟು, ಆಮೇಲೆ ಕಾಯಿಲೆ ಬಂದ ಮಕ್ಕಳದ್ದನ್ನೂ ಬಾರದವರದ್ದನ್ನೂ ಹೋಲಿಸಿ ನೋಡುವುದು. ಆಸ್ಪತ್ರೆ ಒಪ್ಪಿಗೆ ಕೊಟ್ಟಿದೆ, ಒಂದು ಕೋಣೆಯನ್ನೂ ಕೊಟ್ಟಿದೆ. ಹಣ ಮಾತ್ರ ಹೊರಗಿನಿಂದ ಬರಬೇಕು.

ರಿಕ್ಷಾದಲ್ಲಿ ಬರುವಾಗ ಮಗಳು ಹೊರಗೆ ನೋಡುತ್ತಲೇ ಕೇಳಿದಳು: "ಅಮ್ಮಾ, ನಮ್ಮ ಸಂಘದವ್ರು ಇದಕ್ಕೆ ಕೊಡ್ತಾರಾ?"

ಎಷ್ಟೋ ತಿಂಗಳ ಮೇಲೆ ಅವಳಾಗಿಯೇ ನನ್ನನ್ನು ಕೇಳಿದ ಮೊದಲ ಮಾತು ಅದು. "ಕೊಡದೆ ಏನು!" ಅಂದುಬಿಟ್ಟೆ. ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ.

ಮೊದಲು ಚೆಂಬೂರಿನ ಒಂದು ಪರಿಚಯದ ಮನೆ. ಬಾಗಿಲು ತೆಗೆದವರು ನನ್ನ ವಿಷಯ ಕೇಳುತ್ತಿದ್ದಂತೆ ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು. "ಅಕ್ಕ, ಬೇಸರ ಮಾಡ್ಬೇಡಿ. ಒಳಗೆ ಬಸುರಿ ಸೊಸೆ ಇದ್ದಾಳೆ. ಈ ಮಾತು ಅವಳ ಕಿವಿಗೆ ಬೀಳ್ಬಾರ್ದು." ಪ್ಯಾಸೇಜಿನಲ್ಲೇ ನಿಲ್ಲಿಸಿ ಪಾನಕ ಕೊಟ್ಟರು. ನಾನು ಲೋಟ ಹಿಡಿದು ಅವರ ಚಪ್ಪಲಿ ಸ್ಟ್ಯಾಂಡಿಗೆ ಒರಗಿ ಕುಡಿದೆ. ಅವರದು ತಪ್ಪೆನ್ನಲಾರೆ. ನನ್ನ ಮಗಳು ಬಸುರಿಯಾಗಿದ್ದಾಗ ಇಂಥ ಸುದ್ದಿ ಹೊತ್ತು ಯಾರಾದರೂ ಬಂದಿದ್ದರೆ ನಾನು ಪಾನಕವನ್ನೂ ಕೊಡುತ್ತಿರಲಿಲ್ಲ.

ಇನ್ನು ಕೆಲವರು, "ಯಾವ ಮಗುವಿಗೆ? ಫೋಟೋ ಉಂಟಾ?" ಎಂದು ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ಬಿದ್ದಿರುವ ಒಂದು ಮಗುವಿನ ಫೋಟೋ ವಾಟ್ಸಾಪಿಗೆ ಬಂದರೆ ನಮ್ಮವರು ಸಂಜೆಯೊಳಗೆ ಹಣ ಒಟ್ಟುಮಾಡುತ್ತಾರೆ, ಅದು ನನಗೆ ಗೊತ್ತು. ಇನ್ನೂ ಹುಟ್ಟದ ಮಕ್ಕಳ ಫೋಟೋ ಎಲ್ಲಿಂದ ತರಲಿ? ನನ್ನ ಮೊಮ್ಮಗಳದ್ದು ಒಂದು ಇದೆ, ಮಗಳ ಮೊಬೈಲಿನಲ್ಲಿ. ಅದನ್ನು ಕೊಡು ಎಂದು ಕೇಳುವ ಎದೆ ನನಗಿರಲಿಲ್ಲ. ಒಬ್ಬ ಹೆಂಗಸು ಮಾತ್ರ ಕೈ ಹಿಡಿದು, "ಅಯ್ಯೋ, ಮಗು ಹೋಗಿ ಆಯ್ತಲ್ಲಕ್ಕ, ಇನ್ನೆಂತಕ್ಕೆ ಹಣ?" ಅಂದಳು. ನಿಜಕ್ಕೂ ಕನಿಕರದಿಂದಲೇ ಕೇಳಿದಳು.

ಒಂದು ಹೋಟೆಲಿನ ಯಜಮಾನರು ನನ್ನನ್ನು ಕೂರಿಸಿ ಮಸಾಲೆ ದೋಸೆ ತಿನ್ನಿಸಿ, ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಹಿಂದೆ ಕೂತಲ್ಲಿಂದಲೇ ವಿಚಾರಣೆ ಮಾಡಿದರು.

"ಸಂಶೋಧನೆ ಅಂದ್ರೆ ಕೊನೆಗೆ ಎಂತ ಸಿಗ್ತದೆ?"

"ಕಾಯಿಲೆ ಮೊದಲೇ ಗೊತ್ತಾಗುವ ದಾರಿ ಸಿಗಬಹುದು."

"ಸಿಗದಿದ್ರೆ?"

"ಸಿಗದಿದ್ರೆ ಈ ದಾರಿ ಅಲ್ಲ ಅಂತ ಗೊತ್ತಾಗ್ತದೆ."

"ಅಷ್ಟು ಹೇಳ್ಲಿಕ್ಕೆ ದುಡ್ಡು ಬೇಕಾ ಅಕ್ಕ? ನಾನು ಬಿಟ್ಟಿ ಹೇಳ್ತೇನೆ, ಇದು ದಾರಿ ಅಲ್ಲ!"

ಪಕ್ಕದಲ್ಲಿ ಬಿಲ್ ಕೊಡಲು ನಿಂತವರು ನಕ್ಕರು. ನನಗೂ ನಗು ಬಂತು. ದೋಸೆಯ ದುಡ್ಡು ಅವರು ತೆಗೆದುಕೊಳ್ಳಲಿಲ್ಲ. ನಾನು ಮೆಟ್ಟಿಲಿಳಿದು, ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತು ಮನೆಗೆ ಬಂದೆ. ಸೀಟು ಸಿಕ್ಕಿದರೂ ಕೂರುವ ಧೈರ್ಯವಿರಲಿಲ್ಲ; ಕೂತರೆ ಈ ಮೊಣಕಾಲು ಮತ್ತೆ ಏಳುವುದಿಲ್ಲ.

ಮನೆಗೆ ಬಂದರೆ ಕತ್ತಲು ಕೋಣೆಯಿಂದ ಮಗಳ ಪ್ರಶ್ನೆ: "ಇವತ್ತು ಯಾರ ಹತ್ರ ಹೋದೆ?"

ನಾನು ಹೇಳುತ್ತಿದ್ದೆ. ಗಲ್ಲೆಯವರ ಧ್ವನಿ ಮಾಡಿ, ಪಾನಕದ ಲೋಟ ಹಿಡಿದು ನಿಂತದ್ದನ್ನು ನಿಂತೇ ತೋರಿಸಿ, ಅಲ್ಲಲ್ಲಿ ಉಪ್ಪು ಹುಳಿ ಹೆಚ್ಚೇ ಹಾಕಿ. ಅವಳು ಗೋಡೆ ಬಿಟ್ಟು ಈ ಕಡೆ ತಿರುಗುತ್ತಿದ್ದಳು. ಒಂದೊಂದು ದಿನ ಎದ್ದು ಕೂರುತ್ತಿದ್ದಳು. ಹಾಗಾಗಿ ಮರುದಿನ ಮತ್ತೆ ಚಪ್ಪಲಿ ಹಾಕುತ್ತಿದ್ದೆ. ಹಣ ಬರುವುದಿಲ್ಲ ಎಂದು ನನಗೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಅವಳಿಗೆ ಹೇಳಲು ಏನಾದರೂ ಬೇಕಿತ್ತಲ್ಲ. ಊರೂರು ತಿರುಗಿ ಕತೆ ಹೊತ್ತು ತರುವ ಕೂಲಿಯಾದೆ. ದಣಿವು ಎಂಥದ್ದೆಂದರೆ, ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನಡುವೆ ನಿಂತು, ಹಿಂದಿನಿಂದ ಬರುವವರ ಬೈಗಳು ಕೇಳುತ್ತಾ, ಇವತ್ತು ಯಾರ ಮನೆಗೂ ಹೋಗದೆ ಇಲ್ಲೇ ಕೂತು ಒಂದು ಕತೆ ಕಟ್ಟಿ ಹೇಳಿದರೆ ಸಾಲದೇ ಅನ್ನಿಸುತ್ತಿತ್ತು.

ಕೊನೆಗೆ ಉಳಿದವರು ಘಾಟ್ಕೋಪರಿನ ನಮ್ಮ ಕರಾವಳಿಯವರ ಸಂಘದ ಅಧ್ಯಕ್ಷರು. ಒಂದು ಹೋಟೆಲು, ಪಕ್ಕದಲ್ಲೇ ಒಂದು ಐಸ್‌ಕ್ರೀಮ್ ಪಾರ್ಲರು ಇಟ್ಟವರು. ಒಳ್ಳೆಯ ಮನುಷ್ಯ, ಕೈ ದೊಡ್ಡದು, ಕಿವಿ ಸಣ್ಣದು. ನಾನು ಡೈಪರಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಫ್ರೀಜರ್ ಅಂದಾಗ ಕಣ್ಣು ತೆರೆದರು.

"ಫ್ರೀಜರಾ! ಅಕ್ಕ, ಇದನ್ನು ಮೊದಲೇ ಹೇಳ್ಬಾರ್ದಿತ್ತಾ? ಇಷ್ಟು ಹೊತ್ತು ಸಂಶೋಧನೆ, ಸಂಶೋಧನೆ ಅಂತ ನನ್ನ ತಲೆ ತಿಂದ್ರಿ."

"ಅದು ಮಾಮೂಲಿ ಫ್ರೀಜರ್ ಅಲ್ಲಂತೆ, ಅಣ್ಣ..."

"ಎಂತ ಅಕ್ಕ ನೀವು! ಫ್ರೀಜರಿನ ವಿಷಯ ನನಗೆ ಹೇಳ್ತೀರಾ? ನೀವು ಮನೆಗೆ ಹೋಗಿ ಆರಾಮ ಮಾಡಿ. ಇನ್ನು ನನ್ನ ಜವಾಬ್ದಾರಿ."

ಆರಾಮ ಎಂಬ ಮಾತು ಕೇಳಿಯೇ ನನ್ನ ಮೈ ಸಡಿಲಾಯಿತು. ಮುಂದೆ ವಾದ ಮಾಡಲಿಲ್ಲ. ಮನೆಗೆ ಬಂದು ಹೇಳಿದಾಗ ಮಗಳು ಹುಬ್ಬು ಗಂಟು ಹಾಕಿದಳು. "ಎಷ್ಟು ತಣ್ಣಗೆ ಇರ್ಬೇಕು ಅಂತ ಹೇಳಿದ್ಯಾ?"

"ಹೇಳ್ದೆ ಅನ್ನಿಸ್ತದೆ."

"ಅನ್ನಿಸ್ತದಾ?"

ಮುಂದಿನ ಶನಿವಾರ ಬೆಳಿಗ್ಗೆ ಅಧ್ಯಕ್ಷರ ಫೋನು. "ಅಕ್ಕ, ಹೊರಡಿ. ಡಾಕ್ಟರಿಗೆ ಕೆಳಗೆ ಬರ್ಲಿಕ್ಕೆ ಹೇಳಿ. ನಾವು ಆಸ್ಪತ್ರೆ ದಾರಿಯಲ್ಲಿ ಇದ್ದೇವೆ." ನಾನು ಸೀರೆ ಉಡುತ್ತಿದ್ದಾಗ ಮಗಳು ಕೋಣೆಯಿಂದ ಹೊರಗೆ ಬಂದಳು. ನೈಟಿ ಬಿಟ್ಟು ಚೂಡಿದಾರ್ ಹಾಕಿದ್ದಳು, ಸೊಂಟದಲ್ಲಿ ಜೋಲುತ್ತಿತ್ತು. "ನಾನೂ ಬರ್ತೇನೆ. ಏನೋ ಗಡ್‌ಬಡ್ ಉಂಟು ಇದ್ರಲ್ಲಿ."

ಆಸ್ಪತ್ರೆಯ ಗೇಟಿನಲ್ಲಿ ಒಂದು ಟೆಂಪೋ ನಿಂತಿತ್ತು. ಟೆಂಪೋದ ಮೇಲೆ ಗಾಜಿನ ಮುಚ್ಚಳ ಸರಿಸಿ ತೆಗೆಯುವ, ಮದುವೆ ಹಾಲಿನಲ್ಲಿ ಐಸ್‌ಕ್ರೀಮ್ ಇಡುವಂಥ ದೊಡ್ಡ ಡೀಪ್ ಫ್ರೀಜರ್. ಅದಕ್ಕೆ ಗೊಂಡೆ ಹೂವಿನ ಹಾರ, ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ. ಎದುರಿನ ಪೂರಾ ಬದಿಗೆ ಕೆಂಪು ಬಣ್ಣದಲ್ಲಿ ಸಂಘದ ಹೆಸರು, ಅದರ ಕೆಳಗೆ ಅಧ್ಯಕ್ಷರ ತಂದೆ ತಾಯಿಯರ ಸ್ಮರಣಾರ್ಥ ಎಂದು ಇಬ್ಬರ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಬಿಳಿ ಪಂಚೆ ಉಟ್ಟ ಅರ್ಧ ಕಮಿಟಿ ಸುತ್ತ ನಿಂತಿತ್ತು. ಖಜಾಂಚಿಯವರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಶಾಲು, ಹಣ್ಣು, ತೆಂಗಿನಕಾಯಿ. ವಾಚ್‌ಮನ್ ಇಲ್ಲೇ ಒಡೆದುಬಿಟ್ಟಾರೆಂದು ತೆಂಗಿನಕಾಯಿಯನ್ನೇ ಗುರಿಯಿಟ್ಟು ನೋಡುತ್ತಾ, "ಇಧರ್ ಫೋಡ್ನೇ ಕಾ ನಹೀ" ಎಂದು ಹೇಳುತ್ತಲೇ ಇದ್ದ.

ಡಾಕ್ಟರಮ್ಮ ಇಳಿದು ಬಂದರು. ಬಿಳಿ ಕೋಟಿನ ಮೇಲೆಯೇ ಶಾಲು ಹೊದಿಸಿಯಾಯಿತು. ಅವರು ಕೈಮುಗಿದರು, ಫ್ರೀಜರ್ ನೋಡಿದರು, ನನ್ನನ್ನು ನೋಡಿದರು. "ಬಹುತ್ ಸುಂದರ್ ಹೈ" ಅಂದರು. ಮೊಬೈಲುಗಳಲ್ಲಿ ಫೋಟೋ ತೆಗೆಯುತ್ತಿದ್ದರು. ಯಾರಾದರೂ ಹೇಳಬೇಕಿತ್ತು, ಅದು ನಾನೇ ಆಗಿರಬೇಕಿತ್ತು. ಆ ಮನುಷ್ಯನ ಮುಖದಲ್ಲಿ ಅಷ್ಟೊಂದು ಸಂತೋಷ.

"ಅಂಕಲ್, ಇದು ಆಗೋದಿಲ್ಲ" ಎಂದಳು ಮಗಳು.

ಎಲ್ಲರೂ ತಿರುಗಿದರು. ಅವಳ ಕನ್ನಡ ಮನೆಯದ್ದು, ಅರ್ಧಕ್ಕೆ ಹಿಂದಿ ಬೆರೆಯುತ್ತದೆ. "ಇದ್ರಲ್ಲಿ ಐಸ್‌ಕ್ರೀಮ್ ಇರ್ತದೆ. ಅವ್ರಿಗೆ ಇದಕ್ಕಿಂತ ಬಹುತ್ ಜ್ಯಾದಾ ಠಂಡಾ ಬೇಕು. ಇದ್ರಲ್ಲಿ ಇಟ್ರೆ ಸ್ಯಾಂಪಲ್ ಕೆಟ್ಟುಹೋಗ್ತದೆ."

"ನಾಬ್ ಪೂರ್ತಿ ತಿರುಗಿಸಿದ್ರೆ ಇನ್ನೂ ತಣ್ಣಗಾಗ್ತದೆ ಮಗಾ."

"ಆಗೋದಿಲ್ಲ ಅಂಕಲ್."

ಅಧ್ಯಕ್ಷರು ಡಾಕ್ಟರಮ್ಮನ ಕಡೆ ನೋಡಿದರು. ಅವರು ಶಾಲು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಹೌದೆಂದು ತಲೆಯಾಡಿಸಿದರು. "ಬಣ್ಣದಲ್ಲಿ ಹೆಸರು ಬರೆಸಿ ಆಗಿದೆಯಲ್ಲ" ಎಂದರು ಖಜಾಂಚಿ, ಯಾರಿಗೆಂದಿಲ್ಲ. ಅಷ್ಟರಲ್ಲಿ ಹಿಂದೆ ಆಂಬುಲೆನ್ಸ್ ಬಂತು, ವಾಚ್‌ಮನ್ ಸೀಟಿ ಊದಿದ, ಟೆಂಪೋ ಹಾರದ ಸಮೇತ ರಸ್ತೆಗೆ ಹಿಂದೆ ಸರಿಯಿತು. ಡಾಕ್ಟರಮ್ಮ ವಾರ್ಡಿಗೆ ಓಡಿದರು. ನಾವೆಲ್ಲ ಎದುರಿನ ಒಂದು ಚಹಾ ಹೋಟೆಲಿಗೆ ಹೋಗಿ ಕೂತೆವು. ಹತ್ತು ಜನ ಪಂಚೆಯವರು. ಹೋಟೆಲಿನವರೆಲ್ಲ ಸೇರಿ ಇನ್ನೊಬ್ಬರ ಹೋಟೆಲಿನ ಚಹಾ ಕುಡಿಯುವಾಗ ಯಾವಾಗಲೂ ಒಂದು ಟೀಕೆ ಇರುತ್ತದೆ. ಅವತ್ತು ಅದಿರಲಿಲ್ಲ.

ಅಧ್ಯಕ್ಷರ ಮುಖ ಸಣ್ಣದಾಗಿತ್ತು. "ನಾನು ಅಕ್ಕನ ಮುಖ ನೋಡಿ ಮಾಡಿದ್ದು" ಅಂದರು. "ಹಣ ಕೊಟ್ರೆ ಅದು ಎಲ್ಲಿ ಹೋಗ್ತದೆ ಯಾರಿಗೆ ಗೊತ್ತು? ವಸ್ತು ಆದ್ರೆ ಕಣ್ಣೆದುರು ಇರ್ತದೆ."

ಆಗ ಮಗಳು ಮಾತಾಡಿದಳು. ಮೇಜಿನ ಮೇಲೆ ಚೆಲ್ಲಿದ ಚಹಾವನ್ನು ಬೆರಳಿನಿಂದ ಎಳೆಯುತ್ತಾ, ಯಾರನ್ನೂ ನೋಡದೆ.

"ಅಂಕಲ್, ಹಿಂದಿನ ದಿನ ಸಂಜೆ ನನಗೆ ಕಾಣಿಸಿತ್ತು. ಬೇಬಿ ಹೊಟ್ಟೆ ಥೋಡಾ ಬೇರೆ ಥರ ಇತ್ತು. ಸಿಸ್ಟರಿಗೂ ಕಾಣಿಸಿತು, ಡಾಕ್ಟರನ್ನು ಕರೆದ್ರು, ಎಲ್ಲ ಟೆಸ್ಟ್ ಮಾಡಿದ್ರು. ಎಲ್ಲ ಠೀಕ್ ಬಂತು. ಅವ್ರ ತಪ್ಪಲ್ಲ, ಇದನ್ನು ಮೊದಲೇ ನೋಡ್ಲಿಕ್ಕೆ ಯಾವ ಟೆಸ್ಟೂ ಇಲ್ಲ. ನಾನು ಮನೆಗೆ ಹೋಗಿ ನಿದ್ದೆ ಮಾಡಿದೆ. ಆ ಒಂದು ದಿನ ಉಂಟಲ್ಲ ಅಂಕಲ್, ಅದು ಬೇಕು. ಬೇರೆ ಏನೂ ಬೇಡ."

ಇದನ್ನು ಅವಳು ನನಗೆ ಹೇಳಿರಲಿಲ್ಲ. ಒಂದೇ ಗೋಡೆಯ ಆಚೆಈಚೆ ಮಲಗಿದ್ದೆವು. ದಿನಾ ಸಂಜೆ ಊರಿನ ಕತೆಯೆಲ್ಲ ಅವಳ ಮುಂದೆ ಹರವುತ್ತಿದ್ದ ನಾನು, ಅವಳ ಹತ್ತಿರ ಹೇಳಲು ಏನಾದರೂ ಇರಬಹುದೆಂದು ಒಂದು ಕ್ಷಣ ಬಾಯಿ ಮುಚ್ಚಿ ಕೂತಿರಲಿಲ್ಲ.

ಅಧ್ಯಕ್ಷರು ಚಹಾದ ಕಪ್ಪು ಬಸಿಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಬೇಕಾದ್ದು ಎಂತ, ಸರಿ ಹೇಳು."

"ಒಬ್ಬಳ ಪಗಾರ. ದಿನಾ ಬಂದು ಎಲ್ಲ ಬೇಬಿಗಳ ಡೈಪರ್ ನೋಡಿ, ಸ್ಯಾಂಪಲ್ ತೆಗೆದು, ಬರೆದು ಇಡುವವಳು. ಫ್ರೀಜರ್ ಇನ್ನೊಂದು ಲ್ಯಾಬಿನಲ್ಲಿ ಉಂಟಂತೆ, ಅದ್ರಲ್ಲಿ ಜಾಗ ಕೊಡ್ತಾರೆ ಅಂತ ಡಾಕ್ಟರ್ ನಿನ್ನೆ ಫೋನಲ್ಲಿ ಹೇಳಿದ್ರು."

ಡಾಕ್ಟರಿಗೆ ಅವಳು ಫೋನ್ ಮಾಡಿದ್ದೂ ನನಗೆ ಹೊಸ ಸುದ್ದಿ.

"ಪಗಾರದ ಮೇಲೆ ಹೆಸರು ಹೇಗೆ ಬರೆಯೋದು?" ಎಂದು ಖಜಾಂಚಿ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು.

"ನಿಮ್ಮ ಸಪ್ಲಾಯರುಗಳ ಹಣೆ ಮೇಲೆ ನಿಮ್ಮ ಹೆಸರು ಬರೆದುಂಟಾ?" ಅಧ್ಯಕ್ಷರು ಗದರಿದರು. "ತಿಂಗಳು ತಿಂಗಳು ಕೊಡುವುದಿಲ್ವಾ?" ಮತ್ತೆ ಮಗಳ ಕಡೆ ತಿರುಗಿ, ಹೋಟೆಲಿಗೆ ಹೊಸಬರನ್ನು ಸೇರಿಸಿಕೊಳ್ಳುವಾಗಿನ ಧ್ವನಿಯಲ್ಲಿ, "ಅವಳಿಗೆ ಊಟದ ವ್ಯವಸ್ಥೆ?" ಎಂದರು.

"ಊಟ... ಅದು ನಾನು ಕೇಳ್ಲಿಲ್ಲ."

"ಕೇಳ್ಬೇಕು. ಊಟ ಇಲ್ಲದೆ ನಮ್ಮಲ್ಲಿ ಯಾರೂ ಕೆಲಸಕ್ಕೆ ನಿಲ್ಲುವುದಿಲ್ಲ. ಮಧ್ಯಾಹ್ನದ್ದು ನಾನು ಕಳಿಸ್ತೇನೆ. ಪಗಾರದ್ದು ಸಭೆಯಲ್ಲಿ ಇಡ್ಬೇಕು. ಸಭೆಗೆ ನೀನೇ ಬಂದು ಹೇಳು." ನಾನು ಬಾಯಿ ತೆರೆಯುವುದನ್ನು ನೋಡಿ ಕೈ ಎತ್ತಿದರು. "ನೀವಲ್ಲ ಅಕ್ಕ. ನೀವು ಹೇಳಿದ್ರೆ ಕತೆಯಾಗ್ತದೆ."

ಎಲ್ಲರೂ ಆಗ ನಕ್ಕರು. ಖಜಾಂಚಿಯವರು ಚಹಾದಲ್ಲಿ ಶುಂಠಿ ಸಾಲದು ಅಂದರು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಬರೆಯಲು ಆಗುವುದಿಲ್ಲ. ಸಭೆ ಮೂರು ಸಲ ಮುಂದಕ್ಕೆ ಹೋಯಿತು. ಮಗಳು ಎದ್ದು ನಿಂತು ಹೇಳಿದಾಗ ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಗುಡಿಯ ಬ್ರಹ್ಮಕಲಶೋತ್ಸವದ ಬಾಕಿ ಮೊದಲು ಮುಗಿಯಲಿ ಅಂದರು. ಪಗಾರದ ಅರ್ಧ ಸಂಘ ಒಪ್ಪಿತು, ಇನ್ನರ್ಧ ತಿಂಗಳು ತಿಂಗಳು ಮನೆಮನೆಯಿಂದ ಆಗಬೇಕು. ಮಗಳು ಕೆಲಸಕ್ಕೆ ಹೋಗುತ್ತಾಳೆ, ಡೊಂಬಿವಲಿಯ ಮನೆಗೆ ಮರಳಿದ್ದಾಳೆ; ಶನಿವಾರ ನಮ್ಮಲ್ಲಿಗೆ ಬರುತ್ತಾಳೆ, ಇಲ್ಲಿಂದ ಇಬ್ಬರೂ ಹಣ ಕೇಳಲು ಹೊರಡುತ್ತೇವೆ. ಡೈಪರು ನೋಡುವ ಹುಡುಗಿ ಬಂದಿದ್ದಾಳೆ. ಮಧ್ಯಾಹ್ನದ ಡಬ್ಬದಲ್ಲಿ ದಿನಾ ಬರುವ ಕುಚ್ಚಲಕ್ಕಿ ಅನ್ನ ತನಗೆ ಇಳಿಯುವುದಿಲ್ಲ, ಚಪಾತಿ ಕಳಿಸಲು ಹೇಳಿ ಎಂದು ಆ ಹುಡುಗಿ ಮಗಳ ಹತ್ತಿರ ದೂರಿದಳು. ಅದೂ ಒಂದು ಓಡಾಟವಾಯಿತು.

ಏನಾದರೂ ಸಿಕ್ಕಿತೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಇಲ್ಲ. ವರ್ಷಗಳು ಹಿಡಿಯುತ್ತವೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಕಳೆದ ಶನಿವಾರ ನಾವು ಹೊರಡುವ ಮೊದಲು ಅವರ ಫೋನು ಬಂತು. ವಾರ್ಡಿನಲ್ಲಿ ಅದೇ ಕಾಯಿಲೆಯಿಂದ ಇನ್ನೊಂದು ಮಗು ಹೋಯಿತು. ಬೇರೆಯವರಿಂದ ಗೊತ್ತಾಗುವುದು ಬೇಡ ಎಂದು ತಾವೇ ಹೇಳಿದರು. ಆ ಮಗುವಿನ ಮೊದಲ ದಿನದಿಂದ ಕೊನೆಯ ದಿನದವರೆಗಿನದ್ದೆಲ್ಲ ಫ್ರೀಜರಿನಲ್ಲಿ ಇದೆ, ಅಷ್ಟು ಮಾತ್ರ ಈ ಸಲ ಆಗಿದೆ ಅಂದರು.

ಮಗಳು ಫೋನ್ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ನಾನು ಏನೂ ಹೇಳಲಿಲ್ಲ. ಹೇಳಬಾರದೆಂದು ಈಗ ಕಲಿತಿದ್ದೇನೆ. ಮಿಕ್ಸಿಯಲ್ಲಿ ಅರ್ಧ ಅರೆದ ಚಟ್ನಿ ಹಾಗೇ ಇತ್ತು. ಅವಳು ಈಗ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹೋದರೆ ನಾನು ಮತ್ತೆ ಮೊದಲಿನಿಂದ ಶುರುಮಾಡಬೇಕು, ಆ ಶಕ್ತಿ ನನ್ನಲ್ಲಿ ಉಳಿದಿಲ್ಲ ಎಂದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅನ್ನಿಸಿರಲಿಲ್ಲ.

ಅವಳು ಎದ್ದಳು. ಮುಖ ತೊಳೆದಳು. ಬ್ಯಾಗಿಗೆ ನೀರಿನ ಬಾಟಲಿ ಹಾಕಿದಳು.

"ಆ ಪಾನಕದ ಚೆಂಬೂರಿನವರು ಹನ್ನೊಂದಕ್ಕೆ ಬರ್ಲಿಕ್ಕೆ ಹೇಳಿದ್ದಾರಲ್ಲ. ಹೋಗಿ ಬರ್ತೇನೆ."

"ತಡಿ, ಸೀರೆ ಬದಲಾಯಿಸ್ತೇನೆ."

"ಬೇಡಮ್ಮ. ಬಿಸಿಲು ಉಂಟು. ನಾನೊಬ್ಳೇ ಹೋಗ್ತೇನೆ."

ಬಾಗಿಲು ಎಳೆದುಕೊಂಡು ಹೋದಳು. ನಾನು ಚಟ್ನಿ ಅರೆದು ಮುಗಿಸಿ ಗಂಡನಿಗೆ ದೋಸೆ ಹಾಕಿಕೊಟ್ಟೆ. ಆಮೇಲೆ ಚಾಪೆ ಹಾಸಿ ಕಾಲು ಚಾಚಿದೆ. ಹಗಲು ಮಲಗುವ ಅಭ್ಯಾಸ ನನಗಿಲ್ಲ. ಅವತ್ತು ಫ್ಯಾನ್ ಹಾಕುವುದಕ್ಕೂ ಏಳದೆ, ಬೆವರುತ್ತಲೇ, ಅವಳು ಬಂದು ಬೆಲ್ ಒತ್ತುವವರೆಗೂ ನಿದ್ದೆ ಮಾಡಿದೆ.